ನಿಧಾನಿ ಮತ್ತು ಮುಂದೋಡುವ ಗಡಿಯಾರ

ನಮ್ಮ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ನಿಧಾನಿ ಅನ್ನುತ್ತಾರೆ. ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಆದರೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಅದು ಅವಳ ಮೈಗೆ ಕೂತಿದೆ. ಒಂದು ಲೋಟ ಚಹಾ ಮುಗಿಸಲು ಅವಳಿಗೆ ನಮ್ಮ ಎರಡರಷ್ಟು ಹೊತ್ತು ಬೇಕು. ಬಾಗಿಲು ತೆಗೆಯುವ ಮೊದಲು ಬಾಗಿಲನ್ನೇ ಒಂದು ಗಳಿಗೆ ನೋಡುತ್ತಾಳೆ.

"ಏನೇ, ಬಾಗಿಲಿನ ಹತ್ತಿರ ಅಪ್ಪಣೆ ಕೇಳ್ತಿದೀಯಾ?" ಎಂದು ನಾನು ಕೆಣಕಿದರೆ, "ಎಳೀಬೇಕೋ ನೂಕಬೇಕೋ ನೋಡ್ಕೊಳ್ತಿದೀನಿ ದೊಡ್ಡಮ್ಮ. ನಿಮ್ಮ ಹಾಗೆ ಹಣೆಯಿಂದ ತೆಗೆಯೋಕೆ ನನಗೆ ಬರಲ್ಲ" ಅನ್ನುತ್ತಾಳೆ. ನಾನು ಒಮ್ಮೆ ಗಾಜಿನ ಬಾಗಿಲಿಗೆ ಹಣೆ ಕೊಟ್ಟದ್ದನ್ನು ಅವಳು ಈ ಜನ್ಮದಲ್ಲಿ ಬಿಡುವವಳಲ್ಲ.

ಕಾರ್ಖಾನೆ ಅಂದರೆ ಹೊಗೆ ಉಗುಳುವಂಥದ್ದೇನಲ್ಲ. ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವ ಜಾಗ. ನೆಲಮಾಳಿಗೆ ಇಲ್ಲದ ಹಳೆಯ ಕಟ್ಟಡ. ಕೆಳಗೆ ಪ್ಲಾಸ್ಟರ್ ಕೋಣೆ, ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ, ಜೋಡಣೆಯ ಮೇಜುಗಳು, ಹಿಂದೆ ಒಂದು ಸಣ್ಣ ಕೋಣೆ. ನಾನು ಇಲ್ಲಿ ತೊಗಲಿನ ಪಟ್ಟಿ ಹೊಲಿಯುವವಳು. ಶಾಲೆಯ ಮೆಟ್ಟಿಲು ತುಳಿಯದೆ, ಅಂಗಡಿಗಳ ಫಲಕ ಓದಿ ಓದಿ ಅಕ್ಷರ ಕಿತ್ತುಕೊಂಡವಳು. ಕಂಪ್ಯೂಟರಿನ ವಿಷಯ ಇಲ್ಲಿ ಬರೆಯುವುದೆಲ್ಲ ನಿಧಾನಿಯ ಪಕ್ಕದಲ್ಲಿ ಕೂತು ಕೇಳಿ ಕಲಿತದ್ದು. ಅದರಲ್ಲಿ ತಪ್ಪಿದ್ದರೆ ಅವಳ ಪಾಠದ ತಪ್ಪು, ನನ್ನ ಕಿವಿಯದಲ್ಲ.

ನಿಧಾನಿ ಈ ಕಟ್ಟಡಕ್ಕೆ ಮೊದಲು ಬಂದದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಅಮ್ಮನ ಸೊಂಟದ ಮೇಲೆ. ಸರಕಿನ ಗಾಡಿಯ ಚಕ್ರ ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಕೊಂಡುಬಿಟ್ಟಿತ್ತು. ಅಮ್ಮ ಮನೆಮನೆಯ ಬಟ್ಟೆಗೆ ಇಸ್ತ್ರಿ ಹಾಕುವವಳು. ಆಕೆಯ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು, ಸೀರೆಯಿಂದ ಸುಟ್ಟ ಗಂಜಿಯ ವಾಸನೆ ಬರುತ್ತಿತ್ತು. ಬೆಳೆಯುವ ಮಗುವಿಗೆ ಮಾಡಿದ ಕಾಲು ಬೇಗ ಗಿಡ್ಡವಾಗುತ್ತದೆ. ಹಾಗಾಗಿ ವರ್ಷ ವರ್ಷವೂ ಹೊಸ ಕಾಲು, ಹೊಸ ಅಳತೆ, ಗೋಡೆ ಗಡಿಯಾರದ ಕೆಳಗಿನ ಬೆಂಚಿನ ಮೇಲೆ ದಿನವಿಡೀ ಕಾಯುವುದು.

ಅವಳ ಕಾಲುಗಳನ್ನೆಲ್ಲ ಮಾಡಿದವನು ನಮ್ಮ ಮೇಸ್ತ್ರಿ. ಮಾತು ಕಡಿಮೆ, ಕೈ ಜೋರು. ಮರ, ತೊಗಲು, ಪ್ಲಾಸ್ಟಿಕ್ಕು ಯಾವುದೇ ಇರಲಿ, ಅವನ ಬೆರಳಿಗೆ ಸಿಕ್ಕರೆ ಹೇಳಿದ ಮಾತು ಕೇಳುತ್ತಿತ್ತು. ಕಟ್ಟಡದ ಮೇಲಂತಸ್ತಿನಲ್ಲೇ ಅವನ ಮನೆ. ಹಿಂದಿನ ಗೋಡೆಗೆ ಅಂಟಿಕೊಂಡ ಇಕ್ಕಟ್ಟಾದ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಹೊಸ ಕಾಲು ಹಾಕಿಕೊಂಡವರಿಗೆ ಹತ್ತುವುದನ್ನು ಕಲಿಸುತ್ತಿದ್ದದ್ದೂ ಅದೇ ಮೆಟ್ಟಿಲ ಮೇಲೆ. ಆಗ ಅವನು ಹೇಳಿಕೊಡುತ್ತಿದ್ದ ಪಾಠ ಒಂದೇ ಸಾಲಿನದು: "ಹತ್ತುವಾಗ ಹುಟ್ಟಿದ ಕಾಲು ಮುಂದೆ, ಇಳಿಯುವಾಗ ಕೊಟ್ಟ ಕಾಲು ಮುಂದೆ." ಪುಟ್ಟ ನಿಧಾನಿ ಅದನ್ನು ಹಾಡಿನಂತೆ ಗುನುಗುತ್ತ ಮೇಲೆ ಕೆಳಗೆ ಮಾಡುತ್ತಿದ್ದಳು. ಮೇಲೆ ತಲುಪಿದರೆ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತು ಅವಳ ಬಾಯಿಗೆ ಬೆಲ್ಲದ ಚೂರು ಹಾಕುತ್ತಿದ್ದಳು. ಹುಡುಗಿಗೆ ಅವನು ಮಾಮ ಆದ, ಆಕೆ ಅತ್ತೆಯಾದಳು.

ದೊಡ್ಡವಳಾದ ಮೇಲೆ ನಿಧಾನಿ ಇಲ್ಲಿಯ ಮುಂದಿನ ಮೇಜಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಮೊದಲ ಕಂಪ್ಯೂಟರು ಬಂದಾಗ ನಾವೆಲ್ಲ ಅದನ್ನು ಮಲಗಿದ ನಾಯಿಯಂತೆ ದೂರದಿಂದ ಸುತ್ತಿ ಹೋಗುತ್ತಿದ್ದೆವು. ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಸಂಜೆ ತರಗತಿಗೆ ಹೋದಳು, ಪರೀಕ್ಷೆ ಕಟ್ಟಿದಳು, ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲವು ವರ್ಷ ದುಡಿದಳು, ಮತ್ತೆ ಇಲ್ಲಿಗೇ ಬಂದಳು. ಯಾಕೆ ಬಂದೆ ಎಂದರೆ, "ಅಲ್ಲಿ ಚಹಾ ಕುಡಿಯೋಕೆ ಹೊತ್ತು ಕೊಡಲ್ಲ" ಅಂದಳು. ಪ್ಲಾಸ್ಟರ್ ಮೂಟೆ ಇಡುತ್ತಿದ್ದ ಕೋಣೆಯನ್ನು ತೊಳೆದು ಅವಳಿಗೆ ಸರ್ವರ್ ಕೋಣೆ ಮಾಡಿಕೊಟ್ಟರು. ಈಗಲೂ ಗೋಡೆಯ ಬಿರುಕಿನಿಂದ ಬಿಳಿ ಹುಡಿ ಉದುರುತ್ತದೆ. ಪ್ರತಿ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು, ಮಗುವಿನ ಮುಖ ಒರೆಸುವ ಹಾಗೆ ಯಂತ್ರದ ಸುತ್ತ ಒರೆಸುತ್ತಾಳೆ.

ಅವಳದೊಂದು ಅಭ್ಯಾಸ ಹೇಳಲೇಬೇಕು. ಯೋಚನೆ ಗಂಟುಬಿದ್ದರೆ ಅವಳು ಕಾಲು ಬಿಚ್ಚುತ್ತಾಳೆ. ಪಟ್ಟಿ ಸಡಿಲಿಸಿ, ಕಾಲನ್ನು ಚಪ್ಪಲಿ ಸಮೇತ ಸರ್ವರಿಗೆ ಒರಗಿಸಿ ನಿಲ್ಲಿಸಿ, ಮೋಟುಗಾಲನ್ನು ಕೈಯಲ್ಲಿ ತೀಡುತ್ತ ಕೂರುತ್ತಾಳೆ. ಗಾಜಿನ ಬಾಗಿಲಿನಾಚೆಯಿಂದ ನಾವು ಇಣುಕಿ ನೋಡುತ್ತೇವೆ. ಕಾಲು ಅವಳ ಮೈಮೇಲಿದ್ದರೆ ಕೆಲಸ ಸಲೀಸು. ಕಾಲು ಯಂತ್ರಕ್ಕೆ ಒರಗಿದ್ದರೆ ಯಾರೂ ಹತ್ತಿರ ಸುಳಿಯಬಾರದು.

ಇನ್ನು ಮೇಸ್ತ್ರಿಯ ಕಥೆ. ಜನ್ಮವಿಡೀ ಊರಿಗೆಲ್ಲ ಕಾಲು ಕೊಟ್ಟವನ ಕಾಲನ್ನು ಸಕ್ಕರೆ ಕಾಯಿಲೆ ಕಸಿದುಕೊಂಡಿತು. ಬಲಗಾಲು, ಮೊಣಕಾಲಿನ ಕೆಳಗೆ. ಅದಕ್ಕೂ ಮೊದಲೇ ಅವನ ಹೆಂಡತಿ ಸೊಂಟದ ಮೂಳೆ ಮುರಿದುಕೊಂಡು ಮೇಲಿನ ಮನೆಯಲ್ಲಿ ಕುರ್ಚಿ ಹಿಡಿದಿದ್ದಳು, ನೋಡಿಕೊಳ್ಳಲು ಮಗಳಿದ್ದಾಳೆ. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬಂದವನಿಗೆ ಕಬ್ಬಿಣದ ಮೆಟ್ಟಿಲು ಹತ್ತುವ ದಾರಿ ಇರಲಿಲ್ಲ. ಒಲೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅವನಿಗೆ ಮಂಚ ಹಾಕಿದರು. ಗಂಡ ಕೆಳಗೆ, ಹೆಂಡತಿ ಮೇಲೆ. ನಡುವೆ ಒಂದು ಮೆಟ್ಟಿಲ ಸಾಲು, ಏಳು ಸಮುದ್ರದಷ್ಟು ಉದ್ದ.

ಹೊತ್ತುಕೊಂಡು ಹೋಗುತ್ತೇವೆ ಎಂದು ಜೋಡಣೆ ಮೇಜಿನ ಗಂಡಸರು ತೋಳೇರಿಸಿ ಬಂದರು. ಅವನು ಒಪ್ಪಲಿಲ್ಲ.

"ನಾನೇನು ಅಕ್ಕಿ ಮೂಟೇನಾ? ನಡೆದು ಹೋಗೋದಾದ್ರೆ ಹೋಗ್ತೀನಿ."

ಮೆಟ್ಟಿಲ ಬಾಯಿಯಿಂದ ಮೇಲಕ್ಕೆ ಕೂಗಿ ಕೇಳಿದೆವು, ನೀವಾದರೂ ಬುದ್ಧಿ ಹೇಳಿ ಎಂದು. ಮೇಲಿನಿಂದ ಇಳಿದ ಉತ್ತರ ಇನ್ನೂ ಚೆಂದ.

"ಹೊತ್ತುಕೊಂಡು ಬಂದ್ರೆ ಬಾಗಿಲು ತೆಗೆಯಲ್ಲ ಅಂತ ಹೇಳಿ! ಈ ಮನೆಗೆ ಅವರು ನಡೆದುಕೊಂಡೇ ಬಂದಿದ್ದು. ಈಗಲೂ ಹಾಗೇ ಬರಲಿ."

ಈಡು ಜೋಡು ಅಂದರೆ ಇದು ಎಂದುಕೊಂಡು ನಾವು ಕೆಲಸಕ್ಕೆ ಮರಳಿದೆವು.

ಅವರಿಬ್ಬರಿಗೂ ಮಾತಾಡಲು ಒಂದು ನೀರಿನ ಕೊಳವೆ ಇತ್ತು. ಮೇಲಿನ ಅಡುಗೆಮನೆಯಿಂದ ಇಳಿದು ಅವನ ಮಂಚದ ಪಕ್ಕದಲ್ಲೇ ಹಾದು ಹೋಗುವ ಹಳೆಯ ಕಬ್ಬಿಣದ ಕೊಳವೆ. ಗುಳಿಗೆ ನುಂಗುವ ಹೊತ್ತಿಗೆ ಆಕೆ ಮೇಲೆ ಚಮಚದಿಂದ ಟಣ್ ಟಣ್ ಬಡಿಯುತ್ತಾಳೆ. ಗುಳಿಗೆ ನುಂಗಿದೆ ಎಂದು ಇವನು ಕೆಳಗೆ ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾನೆ. ನಾಲ್ಕು ಗಂಟೆಯ ಬಡಿತ ದಿನವೂ ಇದ್ದದ್ದೇ. ಆದರೆ ಅದು ಬರುವಾಗ ನಮ್ಮ ಗೋಡೆ ಗಡಿಯಾರದಲ್ಲಿ ನಾಲ್ಕು ದಾಟಿ ಹತ್ತು ನಿಮಿಷ ಆಗಿರುತ್ತದೆ. ಯಾಕೆಂದರೆ ನಮ್ಮ ಗಡಿಯಾರ ಹತ್ತು ನಿಮಿಷ ಮುಂದೆ. ಲಾಗಾಯ್ತಿನಿಂದ ಹಾಗೇ ಇದೆ. ಮೇಸ್ತ್ರಿಯೇ ವಾರಕ್ಕೊಮ್ಮೆ ಕೀಲಿ ಕೊಟ್ಟು, ಹಿಂದೆ ಜಾರಿದ್ದರೆ ಮುಂದಕ್ಕೆ ತಳ್ಳುತ್ತಿದ್ದ; ಈಗ ಗಾಲಿಕುರ್ಚಿಯಿಂದಲೇ ಹೇಳಿ ಮಾಡಿಸುತ್ತಾನೆ. ನಾವು ಬರುವುದು, ಉಣ್ಣುವುದು, ಹೊರಡುವುದು ಎಲ್ಲ ಅದರಂತೆ. ನಿಧಾನಿಯ ಕೈಗಡಿಯಾರವೂ ಅದಕ್ಕೇ ಹೊಂದಿಕೊಂಡದ್ದು. "ಫೋನಿನ ಗಂಟೆ ಬೀದಿಯದು, ಗೋಡೆಯ ಗಂಟೆ ಮನೆಯದು" ಎನ್ನುವುದು ನಮ್ಮಲ್ಲಿ ಗಾದೆಯೇ ಆಗಿಹೋಗಿದೆ. ಮೇಲಿನ ಮನೆಯವಳು ಮಾತ್ರ ರೇಡಿಯೋ ಗಂಟೆ ಬಿಟ್ಟು ಕದಲಿದವಳಲ್ಲ.

ಮೇಸ್ತ್ರಿಯ ಗಾಯ ಒಣಗಿ, ಮೋಟುಗಾಲು ಗಟ್ಟಿಯಾದ ಮೇಲೆ ಅಳತೆಯ ಡಾಕ್ಟರಮ್ಮ ಬಂದರು. ಈಗ ಮೊದಲಿನಂತೆ ಪ್ಲಾಸ್ಟರ್ ಸುತ್ತುವುದಿಲ್ಲ. ಕೈಯಲ್ಲಿ ಹಿಡಿಯುವ ಸಾಧನವೊಂದನ್ನು ಕಾಲಿನ ಸುತ್ತ ಆಡಿಸಿದರೆ ಅದರ ಆಕಾರ ಕಂಪ್ಯೂಟರಿನ ಒಳಗೆ ಮೂಡುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಮೂಳೆಗೆ ಜಾಗ ಬಿಡಬೇಕು ಎಂದು ಡಾಕ್ಟರಮ್ಮ ಒಂದು ಮಧ್ಯಾಹ್ನವಿಡೀ ಕೂತು ತಿದ್ದಿದರು. ತಿದ್ದಿದ ಆಕಾರ ನಮ್ಮ ಸರ್ವರಿನ ಡೇಟಾಬೇಸಿನಲ್ಲಿ, ಉಳಿದ ಸಾವಿರಾರು ಜನರ ಕಾಲುಗಳ ಜೊತೆ ಕೂತಿತು. ಡಾಕ್ಟರಮ್ಮ ದೂರದ ಬೇರೊಂದು ಕೇಂದ್ರಕ್ಕೆ ಹೊರಟುಹೋದರು.

ಆ ಆಕಾರವನ್ನು ಗಟ್ಟಿ ನೊರೆಯ ದಿಮ್ಮಿಯಲ್ಲಿ ಕೆತ್ತುವ ಯಂತ್ರ ನಮ್ಮದಲ್ಲ. ಅದು ವ್ಯಾನಿನಲ್ಲಿ ಕೂತು ಕೇಂದ್ರದಿಂದ ಕೇಂದ್ರಕ್ಕೆ ಸುತ್ತುತ್ತದೆ. ನಮ್ಮಲ್ಲಿಗೆ ಒಂದು ದಿನ ಬಂದು ಹೋದರೆ ಮತ್ತೆ ಅದರ ಮುಖ ಕಾಣುವುದು ಎರಡು ಮೂರು ತಿಂಗಳಿಗೆ. ಕೆತ್ತಿದ ಅಚ್ಚಿನ ಮೇಲೆ ಬಿಸಿ ಹಾಳೆ ಹೊದಿಸಿದರೆ ಕಾಲು ಕೂರುವ ಬಟ್ಟಲು ಸಿದ್ಧ.

ವ್ಯಾನು ಬರಲು ಇನ್ನೇನು ಕೆಲವು ವಾರ ಇರುವಾಗ ನಮ್ಮ ಹಳೆಯ ಸರ್ವರು ಒಂದು ಬೆಳಿಗ್ಗೆ ಕೆಮ್ಮಿ, ನರಳಿ, ಕಣ್ಣು ಮುಚ್ಚಿತು. ನಿಧಾನಿ ಎದೆ ಬಡಿದುಕೊಳ್ಳಲಿಲ್ಲ. ದಿನವೂ ಎಲ್ಲದರ ಒಂದು ಪ್ರತಿಯನ್ನು, ಬ್ಯಾಕಪ್ ಅಂತಾರಲ್ಲ, ಬೇರೆ ಕಡೆ ತೆಗೆದಿಡುವವಳು ಅವಳು. ಆದರೆ ಆ ಪ್ರತಿ ಬೀಗ ಹಾಕಿದ ಟ್ರಂಕಿನ ಹಾಗೆ. ಅದೇ ಜಾತಿಯ ಡೇಟಾಬೇಸ್ ತಂತ್ರಾಂಶ ಇದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಹೊಸ ಸರ್ವರ್ ತರಿಸಲು ಕಾಗದಪತ್ರ ಓಡಾಡಿ, ಯಂತ್ರ ಬಂದು, ಅದರ ಕಾರ್ಯಾಚರಣೆ ವ್ಯವಸ್ಥೆ ಕೂತು, ನಮ್ಮನ್ನು ನಡೆಸುವ ಆ ದೊಡ್ಡ ಆಸ್ಪತ್ರೆಯ ಜಾಲಕ್ಕೆ ಸೇರಿಸುವಷ್ಟರಲ್ಲಿ ವ್ಯಾನು ಬರುವ ದಿನವೇ ಬಂದುಬಿಟ್ಟಿತು. ಉಳಿದದ್ದು ಡೇಟಾಬೇಸ್ ಇನ್‌ಸ್ಟಾಲ್ ಮಾಡುವುದೊಂದೇ. ಬೆಳಗಿನ ಚಹಾದೊಳಗೆ ಮುಗಿಯುವ ಕೆಲಸ ಎಂದಳು. ಅವಳ ಚಹಾ ಎಷ್ಟು ಉದ್ದ ಅಂತ ಗೊತ್ತಿದ್ದ ನಾವು ನಕ್ಕೆವು.

ಬೆಳಿಗ್ಗೆ ವ್ಯಾನು ಬಂತು. ವ್ಯಾನಿನವನು ಗುಂಗುರು ಕೂದಲಿನ ದಡಿಯ, ನಗುಮುಖದವನೇ, ಆದರೆ ಕಾಲಡಿ ಬೆಂಕಿ ಇದ್ದಂತೆ ಕುಣಿಯುವವನು. ಐದಕ್ಕೆ ಹೊರಡಲೇಬೇಕು ಎಂದು ಬಂದ ಕೂಡಲೇ ಸಾರಿದ. ಮೇಸ್ತ್ರಿ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು, ಗಾಲಿಕುರ್ಚಿಯನ್ನು ಸರ್ವರ್ ಕೋಣೆಯ ಬಾಗಿಲಿಗೇ ತಂದು ನಿಲ್ಲಿಸಿಕೊಂಡ. ನಾನು ಅವನ ಪಟ್ಟಿಗೆ ಒಳ್ಳೆಯ ತೊಗಲು ಆರಿಸಿಟ್ಟುಕೊಂಡು ಪಕ್ಕದಲ್ಲಿ ಕೂತೆ.

ಇನ್‌ಸ್ಟಾಲ್ ಶುರುವಾಯಿತು. ಪರದೆಯ ಮೇಲೆ ಹಸಿರು ಗೆರೆ ಹುಲ್ಲಿನ ಹಾವಿನಂತೆ ಹರಿಯಿತು. ತುದಿ ಮುಟ್ಟುವುದಕ್ಕೆ ಕೂದಲೆಳೆ ಇರುವಾಗ ನಿಂತು, ಕೆಂಪು ಗುರುತು ತೋರಿಸಿತು.

"ಏನಾಯ್ತೇ?" ಎಂದೆ.

"ಎಲ್ಲ ಕೂತಿದೆ ದೊಡ್ಡಮ್ಮ. ಎದ್ದು ನಿಲ್ಲು ಅಂದ್ರೆ ನಿಲ್ತಿಲ್ಲ."

"ಬಟ್ಟಲು ಬಿಗಿ ಆಗಿರಬೇಕು," ಎಂದ ಮೇಸ್ತ್ರಿ. ಅವನಿಗೆ ಲೋಕದ ಎಲ್ಲ ರೋಗಕ್ಕೂ ಅದೇ ಕಾರಣ.

ಅವಳು ಅರ್ಧ ಕೂತದ್ದನ್ನು ಕಿತ್ತಳು. ಕಿತ್ತರೂ ಮೂಲೆಗಳಲ್ಲಿ ಚೂರುಪಾರು ಉಳಿಯುತ್ತದಂತೆ. ಹಳೆಯ ಪ್ಲಾಸ್ಟರ್ ಕೆರೆಯದೆ ಹೊಸದು ಬಳಿದರೆ ಹಿಡಿಯುತ್ತದೆಯೇ? ಒಂದೊಂದಾಗಿ ಹುಡುಕಿ ಅಳಿಸಿ, ಯಂತ್ರವನ್ನು ಮಲಗಿಸಿ ಎಬ್ಬಿಸಿ, ಮತ್ತೆ ಇನ್‌ಸ್ಟಾಲ್ ಮಾಡಿದಳು. ಹಸಿರು ಹಾವು ಅದೇ ಜಾಗಕ್ಕೆ ಬಂದು ಅದೇ ತರ ಸತ್ತಿತು.

ಆಮೇಲೆ ಡೇಟಾಬೇಸಿಗೆ ತನ್ನ ಕೋಣೆಯೊಳಗೆ ಬರೆಯಲು ಅನುಮತಿ ಇದೆಯೇ ಎಂದು ನೋಡಿದಳು. ಇತ್ತು. ಜಾಗ ಸಾಲದೇ ಎಂದು ನೋಡಿದಳು. ಬೇಕಾದಷ್ಟಿತ್ತು. ಯಂತ್ರ ಬರೆದಿಟ್ಟುಕೊಂಡ ಲಾಗ್ ತೆರೆದು ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಉದ್ದಕ್ಕೂ ಎಲ್ಲ ಸರಿ ಸರಿ ಎಂದು ಬಂದು, ಕೊನೆಗೆ ಗುರುತು ಒಪ್ಪಲಿಲ್ಲ ಎಂಬ ಅರ್ಥದ ಒಂದು ಸಾಲು. ಡೇಟಾಬೇಸು ಏಳಬೇಕಾದದ್ದು ಆಸ್ಪತ್ರೆ ಕೊಟ್ಟ ಒಂದು ಖಾತೆಯ ಹೆಸರಿನಲ್ಲಿ. ಆ ಖಾತೆ ನಮ್ಮದೇ ಎಂದು ಆಸ್ಪತ್ರೆಯ ದೊಡ್ಡ ಯಂತ್ರ ಸಾಕ್ಷಿ ಹೇಳಬೇಕು. ಆ ಸಾಕ್ಷಿ ನಡೆಯುತ್ತಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದಳು. ಅಲ್ಲಿ ಅವಳ ಹಳೆಯ ಜೊತೆಗಾರನೊಬ್ಬನಿದ್ದ.

"ಪಾಸ್‌ವರ್ಡ್ ತಪ್ಪು ಹೊಡೆದಿರ್ತೀಯ."

"ನಾನಾ? ಒಂದೊಂದೇ ಅಕ್ಷರ ಒತ್ತಿದೀನಿ."

"ಗೊತ್ತು, ನೀನು ಒತ್ತಿ ಮುಗಿಸೋಷ್ಟರಲ್ಲಿ ಅದೇ ಹಳೇದಾಗಿರುತ್ತೆ. ತಗೋ, ಹೊಸದು ಕೊಡ್ತೀನಿ."

ಹೊಸ ಪಾಸ್‌ವರ್ಡ್ ಹಾಕಿದರೂ ಅದೇ ರಾಗ. ಬೇರೆ ಖಾತೆಯಲ್ಲಿ ಎಬ್ಬಿಸಬಾರದೇ ಎಂದು ಕೇಳಿದೆ. ಎಬ್ಬಿಸಬಹುದು, ಆದರೆ ವ್ಯಾನಿನ ಯಂತ್ರ ಆಸ್ಪತ್ರೆಯ ಗುರುತು ಇದ್ದವರ ಹತ್ತಿರ ಮಾತ್ರ ಆಕಾರ ತೆಗೆದುಕೊಳ್ಳುತ್ತದೆ ಎಂದಳು. ಮನೆಯೊಳಗೆ ದೀಪ ಹಚ್ಚಿ ಬಾಗಿಲಿಗೆ ಮೊಳೆ ಹೊಡೆದಂತೆ ಆಗುತ್ತಿತ್ತು.

ಊಟದ ಹೊತ್ತು ಕಳೆಯಿತು. ನಿಧಾನಿ ಪಟ್ಟಿ ಸಡಿಲಿಸಿದಳು. ಕಾಲು ಸರ್ವರಿಗೆ ಒರಗಿತು. ಜೋಡಣೆ ಮೇಜಿನವರು ಇಣುಕಿ ನೋಡಿ ತುದಿಗಾಲಿನಲ್ಲಿ ಹಿಂದೆ ಸರಿದರು.

ಮೇಸ್ತ್ರಿ ಮಾತ್ರ ಅಲುಗಲಿಲ್ಲ. ಅವನ ಕಣ್ಣು ಆ ಒರಗಿದ ಕಾಲಿನ ಮೇಲಿತ್ತು. ಅವನೇ ಮಾಡಿದ ಕೊನೆಯ ಕಾಲುಗಳಲ್ಲಿ ಅದೊಂದು.

"ಹಿಮ್ಮಡಿ ಸವೆದಿದೆ. ಒಳಗಡೆ ಹೆಚ್ಚು ತುಳೀತೀಯ. ಎಷ್ಟು ಸಲ ಹೇಳಿದೀನಿ ನಿನಗೆ?"

"ಮಾಮ, ಈಗ ಅದು ಬೇಡ," ಎಂದಳು. "ಇವತ್ತು ಆಗದಿದ್ರೆ ಮತ್ತೆ ಎರಡು ಮೂರು ತಿಂಗಳು. ಅತ್ತೆ ಮುಂದೆ ಏನಂತ ಹೇಳಲಿ ನಾನು?"

"ಅವಳಿಗೆ ಕಾಯೋದು ಗೊತ್ತು," ಎಂದ. ಆದರೆ ಅವನ ಕೈ ಗಾಲಿಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ತಳ್ಳುತ್ತಿತ್ತು. ಜನ್ಮಕ್ಕೆ ಅವನ ಕೈ ಸುಮ್ಮನೆ ಹಾಗೆ ಆಡಿದ್ದನ್ನು ನಾನು ನೋಡಿರಲಿಲ್ಲ.

ವ್ಯಾನಿನವನು ಬಾಗಿಲಿಗೆ ಬಂದ. "ಅಕ್ಕಾ, ನಾನಿನ್ನು ಕಟ್ಟಿಕೊಳ್ಳೋಕೆ ಶುರು ಮಾಡಲಾ? ಬೇರೆ ಕೇಂದ್ರದಿಂದ ತಂದಿದ್ದ ಕೆಲಸ ಎಲ್ಲ ಮುಗೀತು. ತಪ್ಪು ತಿಳೀಬೇಡಿ."

"ಕಟ್ಟು, ಕಟ್ಟು. ಕಟ್ಟಿದ್ದನ್ನ ಬಿಚ್ಚೋಕೂ ನಿನಗೆ ಕೈ ಇದೆಯಲ್ಲ," ಎಂದೆ ನಾನು. ಅವನು ತಲೆ ಕೆರೆದುಕೊಳ್ಳುತ್ತ ತಂತಿ ಕಟ್ಟಲು ಹೋದ.

ಆಗ ಕೊಳವೆ ಸದ್ದಾಯಿತು. ಟಣ್, ಟಣ್.

ಮೇಸ್ತ್ರಿ ಗೋಡೆಯ ಗಡಿಯಾರದ ಕಡೆ ಗಲ್ಲ ಎತ್ತಿ ತೋರಿಸಿದ. "ನೋಡು, ನಾಲ್ಕೂ ಹತ್ತು. ಇವಳು ಹುಟ್ಟಿದಾಗಿನಿಂದ ಹತ್ತು ನಿಮಿಷ ತಡ. ಇವಳ ಜೊತೆ ಸಂಸಾರ ಮಾಡಿದ್ದಕ್ಕೆ ನನಗೊಂದು ಪದಕ ಕೊಡಬೇಕು."

ನಿಧಾನಿ ನಗಲಿಲ್ಲ. ಗೋಡೆ ಗಡಿಯಾರ ನೋಡಿದಳು. ಕೈಗಡಿಯಾರ ನೋಡಿದಳು. ಬಾಗಿಲು ತೆಗೆಯುವ ಮೊದಲು ಬಾಗಿಲು ನೋಡುವಂತೆ, ಪರದೆಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಬರೆದಿದ್ದ ಗಂಟೆಯನ್ನು ನೋಡಿದಳು. ಅಲ್ಲೂ ನಾಲ್ಕೂ ಹತ್ತು.

"ಮಾಮ," ಎಂದಳು ಮೆಲ್ಲಗೆ, "ಅತ್ತೆ ತಡ ಅಲ್ಲ."

ಒಂದೇ ಕಾಲಿನಲ್ಲಿ ಮೇಜು ಹಿಡಿದು ನಿಂತು ಆಸ್ಪತ್ರೆಯ ಜೊತೆಗಾರನಿಗೆ ಮತ್ತೆ ಫೋನು ಮಾಡಿದಳು. "ಈಗ ನಿನ್ನ ಯಂತ್ರದಲ್ಲಿ ಎಷ್ಟು ಗಂಟೆ? ನಿನ್ನ ಕೈಗಡಿಯಾರದಲ್ಲಿ ಅಲ್ಲವೋ, ಯಂತ್ರದಲ್ಲಿ!" ಆ ಕಡೆಯ ಉತ್ತರ ನಮಗೂ ಕೇಳಿತು. ನಾಲ್ಕು ಗಂಟೆ, ಒಂದು ನಿಮಿಷ. ಅವಳು ಹಣೆ ಚಚ್ಚಿಕೊಂಡು ನಗತೊಡಗಿದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ನನಗೆ ಅವಳು ಬಿಡಿಸಿ ಹೇಳಿದ್ದು ಹೀಗೆ. ಆಸ್ಪತ್ರೆಯ ದೊಡ್ಡ ಯಂತ್ರ ಸಾಕ್ಷಿ ಹೇಳುವಾಗ ಒಂದು ಚೀಟಿ ಕೊಡುತ್ತದೆ, ಅದರ ಮೇಲೆ ಹೊತ್ತು ಬರೆದಿರುತ್ತದೆ. ಯಾರೋ ಕದ್ದ ಹಳೆಯ ಚೀಟಿ ಹಿಡಿದು ಬರಬಾರದಲ್ಲ? ಅದಕ್ಕೇ ಎರಡೂ ಕಡೆಯ ಗಂಟೆ ಐದು ನಿಮಿಷಕ್ಕಿಂತ ಹೆಚ್ಚು ಅತ್ತಿತ್ತ ಇದ್ದರೆ ಚೀಟಿ ನಡೆಯುವುದಿಲ್ಲ. ಖಾತೆ ಸರಿ, ಪಾಸ್‌ವರ್ಡ್ ಸರಿ, ಹೊತ್ತು ಮಾತ್ರ ಬೇರೆ. ಆಸ್ಪತ್ರೆಯಿಂದ ಗಂಟೆ ತಾನಾಗಿ ಇಳಿದು ಬರುವ ದಾರಿಯೊಂದಿದೆಯಂತೆ; ಹೊಸ ಯಂತ್ರಕ್ಕೆ ಆ ದಾರಿಯನ್ನು ಇನ್ನೂ ತೆರೆದಿರಲಿಲ್ಲ. ಬೇರೆ ಯಾವ ಕಟ್ಟಡದಲ್ಲಾದರೂ ಯಾರಾದರೂ ಬೆಳಿಗ್ಗೆಯೇ ಪರದೆ ನೋಡಿ, ಇದೇನು ಗಂಟೆ ತಪ್ಪಿದೆ ಎನ್ನುತ್ತಿದ್ದರು. ನಮ್ಮಲ್ಲಿ ಗೋಡೆ, ಕೈ, ಯಂತ್ರ ಮೂರೂ ಒಂದೇ ಮಾತು ಹೇಳುತ್ತಿದ್ದವು. ಅನುಮಾನ ಎಲ್ಲಿಂದ ಬರಬೇಕು?

"ಆದ್ರೆ ಯಂತ್ರಕ್ಕೆ ಈ ಗಂಟೆ ಹೇಗೆ ಬಂತು?" ಎಂದಳು.

ಮೇಸ್ತ್ರಿ ಕೆಮ್ಮಿದ. "ಯಂತ್ರ ತಂದವನು ಅವತ್ತು ಕೇಳಿದ, ಟೈಮ್ ಎಷ್ಟು ತಾತ ಅಂತ. ಅವನ ಕೈಯಲ್ಲಿ ಫೋನಿತ್ತು. ಬೀದಿ ಗಂಟೆ ಹಾಕಬೇಡಪ್ಪ, ನಮ್ಮ ಮನೆ ಗಡಿಯಾರಕ್ಕೆ ಹೊಂದಿಸು ಅಂದೆ. ಮನೆಗೆ ಬಂದಿದ್ದು ಮನೆಯ ರೀತಿ ಇರಬೇಕಲ್ವಾ?"

"ಅಯ್ಯೋ ಮಾಮ! ಅಷ್ಟಕ್ಕೂ ಈ ಗಡಿಯಾರ ಯಾಕೆ ಮುಂದೆ ಓಡಬೇಕು?"

ಅವನು ಕೊಳವೆಯತ್ತ ತಿರುಗಿ, "ಗುಳಿಗೆ ನುಂಗಬೇಕು" ಎಂದು ಗಾಲಿ ತಳ್ಳಿಕೊಂಡು ಹೊರಟುಹೋದ. ಅಲ್ಲಿಂದ ಸುತ್ತಿಗೆಯ ಟಣ್ ಟಣ್ ಕೇಳಿತು.

ಅವನು ಹೇಳದಿದ್ದರೆ ಏನಾಯಿತು, ನಾನು ಹೇಳಿದೆ. ಗಡಿಯಾರ ತಿರುಗಿಸಿದ ದಿನ ಸ್ಟೂಲು ಹಿಡಿದವಳು ನಾನಲ್ಲವೇ.

"ನೀನು ಪುಟ್ಟ ಹುಡುಗಿ. ಮೊದಲ ಕಾಲು ಹಾಕಿದ ದಿನ. ಬೀದಿ ಕೊನೆಯಲ್ಲಿ ನಿಮ್ಮ ಕಡೆಗೆ ಹೋಗೋ ಕೊನೇ ಬಸ್ಸು. ಕಾರ್ಖಾನೆ ಮುಚ್ಚೋ ಹೊತ್ತೂ ಅದೇ. ಹೊಸ ಕಾಲಿನಲ್ಲಿ ನಡೆದೇ ಹೋಗ್ತೀನಿ ಅಂತ ಹಟ ಹಿಡಿದೆ, ನಿಮ್ಮಮ್ಮನ ಸೊಂಟ ಬೇಡ ಅಂದೆ. ನೀನು ಅಲ್ಲಿಗೆ ತಲುಪೋ ಹೊತ್ತಿಗೆ ಬಸ್ಸು ಹೋಗಿತ್ತು. ನೀವಿಬ್ಬರೂ ಬೀದಿ ಅಂಚಲ್ಲಿ ನಿಂತಿದ್ದನ್ನ ಇವನು ಮೇಲಿನ ಕಿಟಕಿಯಿಂದ ನೋಡಿದ. ಮಾರನೇ ಬೆಳಿಗ್ಗೆ ಸ್ಟೂಲು ಹತ್ತಿ ಮುಳ್ಳು ತಳ್ಳಿದ. ಯಾಕಣ್ಣಾ ಅಂದ್ರೆ, ಆ ಹುಡುಗಿ ನಿಧಾನ, ಅವಳ ಜೊತೆ ಎಲ್ಲರೂ ಹತ್ತು ನಿಮಿಷ ಬೇಗ ಹೊರಡಲಿ ಬಿಡು ಅಂದ."

ನಿಧಾನಿ ಬಹಳ ಹೊತ್ತು ಗಡಿಯಾರ ನೋಡಿದಳು. "ಅಮ್ಮ ಇವತ್ತಿಗೂ ಹೇಳ್ತಾಳೆ ದೊಡ್ಡಮ್ಮ, ಆ ಬಸ್ಸಿನ ಡ್ರೈವರು ದೇವರಂಥವನು, ನಮಗೋಸ್ಕರ ಕಾಯ್ತಿದ್ದ ಅಂತ."

"ಹಾಗೇ ಹೇಳಲಿ ಬಿಡು."

ಅವಳು ಮೂಗೊರೆಸಿಕೊಂಡು ಕಾಲು ಹಾಕಿಕೊಂಡಳು. ಪಟ್ಟಿ ಬಿಗಿದ ಸದ್ದು ಕೇಳಿ ಜೋಡಣೆ ಮೇಜಿನಿಂದ ಯಾರೋ ಸಿಳ್ಳು ಹೊಡೆದರು. ಯಂತ್ರದ ಗಂಟೆಯನ್ನು ಆಸ್ಪತ್ರೆಯ ಗಂಟೆಗೆ ಸರಿಮಾಡಿ, ಮುರಿದು ಬಿದ್ದ ಚೂರುಗಳನ್ನೆಲ್ಲ ಮತ್ತೆ ಗುಡಿಸಿ, ಯಂತ್ರವನ್ನು ಮಲಗಿಸಿ ಎಬ್ಬಿಸಿ, ಇನ್‌ಸ್ಟಾಲ್ ಶುರು ಮಾಡಿದಳು. ಹಸಿರು ಹಾವು ಹರಿಯಿತು. ಸಾಯುವ ಜಾಗಕ್ಕೆ ಬಂತು. ಅದು ಒಂದು ಕ್ಷಣ ತಡೆದು, ಸರ್ರನೆ ದಾಟಿಹೋಯಿತು.

"ಎದ್ದು ನಿಂತಿತು!" ಎಂದು ಕೂಗಿದವನು ಬಾಗಿಲಿಗೆ ಮರಳಿದ್ದ ವ್ಯಾನಿನವನು. ಕಟ್ಟಿದ ತಂತಿಗಳನ್ನು ಬಿಚ್ಚಲು ಆಗಲೇ ಓಡಿದ. ಐದರ ಮಾತು ಅವನೂ ಎತ್ತಲಿಲ್ಲ, ನಾವೂ ನೆನಪಿಸಲಿಲ್ಲ.

ಬ್ಯಾಕಪ್ಪಿನ ಟ್ರಂಕು ತೆರೆಯಿತು. ಸಾವಿರಾರು ಹೆಸರುಗಳ ನಡುವಿನಿಂದ ಮೇಸ್ತ್ರಿಯ ಹೆಸರು ಒತ್ತಿದಳು. ಪರದೆಯ ಮೇಲೆ ಅವನ ಮೋಟುಗಾಲಿನ ಆಕಾರ ಮೂಡಿ ಮೆಲ್ಲಗೆ ತಿರುಗತೊಡಗಿತು. ಗುಳಿಗೆ ನುಂಗಿ ಬಂದ ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದ.

"ಇದು ನಾನಾ? ಬದನೆಕಾಯಿ ಇದ್ದ ಹಾಗಿದೆ."

"ಒಳ್ಳೆ ಬದನೆಕಾಯಿ ಮಾಮ. ಹುಳುಕಿಲ್ಲ."

ಅವನು ಬೆರಳು ಚಾಚಿ ಪರದೆಯ ಮೇಲೆ ಮೂಳೆಯ ಉಬ್ಬಿನ ಜಾಗ ಮುಟ್ಟಿದ, ಡಾಕ್ಟರಮ್ಮ ಬಿಟ್ಟ ಜಾಗ ಸಾಕೇ ಎಂದು ಅಳೆಯುವವನಂತೆ. ತಲೆದೂಗಿದ. ವ್ಯಾನಿನಲ್ಲಿ ಕೆತ್ತುವ ಯಂತ್ರ ಗುಂಯ್ ಎಂದಿತು. ಬಿಳಿ ನೊರೆಯ ಹುಡಿ ಅಂಗಳಕ್ಕೆಲ್ಲ ಹಾರಿ ನಮ್ಮ ತಲೆಗಳ ಮೇಲೆ ಕೂತಿತು. ಅಚ್ಚು ಇನ್ನೂ ಬೆಚ್ಚಗಿರುವಾಗಲೇ ಮೇಸ್ತ್ರಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಮುಂದಿನದು ನಮ್ಮ ಕೈಯ ಕೆಲಸ. ಹಾಳೆ ಕಾಯಿತು, ಬಟ್ಟಲು ಆಯಿತು, ಪಾದ ಜೋಡಿಸಿದರು, ಪಟ್ಟಿ ನಾನು ಹೊಲಿದೆ. ಒಂದು ಹೊಲಿಗೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೇಕಾದವರು ಬಂದು ನೋಡಬಹುದು. ಅವನು ಕಂಬಿ ಹಿಡಿದು ನಿಂತ, ಕೋಲು ಹಿಡಿದು ನಡೆದ, ಬೈದ, ಬೆವರಿದ. ಕೊನೆಗೊಂದು ಮಧ್ಯಾಹ್ನ ಕಬ್ಬಿಣದ ಮೆಟ್ಟಿಲ ಬುಡಕ್ಕೆ ಬಂದು ನಿಂತ. ನಿಧಾನಿ ಅವನ ಮುಂದೆ ಎರಡು ಮೆಟ್ಟಿಲು ಹತ್ತಿ ತಿರುಗಿ ನಿಂತಳು. ನಾನು ಹಿಂದೆ, ಮುಟ್ಟದ ಹಾಗೆ ಎರಡೂ ಕೈ ಚಾಚಿಕೊಂಡು.

"ಹತ್ತುವಾಗ ಮಾಮ?"

"ನನಗೇ ಪಾಠ ಹೇಳ್ತೀಯಾ?"

"ಹೇಳಿ, ಹತ್ತುವಾಗ?"

"ಹುಟ್ಟಿದ ಕಾಲು," ಎಂದು ಗೊಣಗಿ ಎಡಗಾಲು ಎತ್ತಿಟ್ಟ. ಆಮೇಲೆ ಕೊಟ್ಟ ಕಾಲು ಬಂದು ಅದರ ಪಕ್ಕದಲ್ಲಿ ನಿಂತಿತು. ಆತುರ ಮಾಡಲು ಅವಳು ಬಿಡಲಿಲ್ಲ. ಅವನು ನಿಂತಾಗ ಅವಳೂ ನಿಂತಳು. ಅವಳಿಗಿಂತ ಚೆನ್ನಾಗಿ ಆ ಕೆಲಸ ಮಾಡಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ.

ಮೇಲೆ ಬಾಗಿಲು ಮುಚ್ಚಿತ್ತು. ಒಳಗಿನಿಂದ ಪ್ರಶ್ನೆ ಬಂತು.

"ಹೊತ್ತುಕೊಂಡು ಬಂದ್ರಾ?"

"ಇಲ್ಲ ಅತ್ತೆ," ಎಂದಳು ನಿಧಾನಿ.

"ಅವರೇ ಹೇಳಲಿ."

ಮೇಸ್ತ್ರಿ ಉಸಿರು ಸುಧಾರಿಸಿಕೊಂಡ. "ನಡೆದೇ ಬಂದೆ, ಬಾಗಿಲು ತೆಗಿ."

ಬಾಗಿಲು ತೆರೆಯಿತು. ಕುರ್ಚಿಯಲ್ಲಿ ಕೂತಿದ್ದ ಆಕೆ ಗಂಡನ ಮುಖ ನೋಡುವ ಮೊದಲು ಅವನ ಪಾದ ನೋಡಿದಳು, ಎರಡನ್ನೂ. ಆಮೇಲೆ ಮುಖ ನೋಡಿದಳು. "ಇಳಿದು ಹೋಗಿದೀರಿ," ಎಂದಷ್ಟೇ ಹೇಳಿ, ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ನಿಧಾನಿಯ ಬಾಯಿಗೆ ಹಾಕಿದಳು. ಸಕ್ಕರೆ ಕಾಯಿಲೆಯ ಗಂಡನಿಗೆ ಡಬ್ಬಿಯ ವಾಸನೆ ಮಾತ್ರ ಸಿಕ್ಕಿತು.

ನಾವಿಬ್ಬರೂ ಬಾಗಿಲು ಎಳೆದುಕೊಂಡು ಇಳಿದು ಬಂದೆವು. ನಿಧಾನಿ ತನ್ನ ಕೋಣೆಯಲ್ಲಿ ಚಹಾ ಹಿಡಿದು ಕೂತಳು, ನಾನು ಬಾಗಿಲ ಬಳಿ ಹೊಲಿಗೆ ಹಿಡಿದು ಕೂತೆ. ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ಸ್ವಲ್ಪ ಹೊತ್ತಿಗೆ ಅವಳ ಪರದೆಯಲ್ಲೂ ನಾಲ್ಕಾಯಿತು. ಅವಳು ತಲೆ ಎತ್ತಿ ಕಿವಿಗೊಟ್ಟಳು, ನಾನೂ ಸೂಜಿ ನಿಲ್ಲಿಸಿದೆ. ಜೋಡಣೆ ಮೇಜಿನವರೂ ಕೈ ತಡೆದದ್ದು ಕಂಡಿತು.

ಕೊಳವೆ ಸದ್ದಾಗಲಿಲ್ಲ. ನಿಧಾನಿ ಲೋಟ ಎತ್ತಿ, ಉಳಿದ ಚಹಾವನ್ನು ಗುಟುಕು ಗುಟುಕಾಗಿ ಕುಡಿದಳು.